ಬಿಸಿಲಿಗೆ ಪ್ರೊಸೆಸರ್ ನಿಜವಾಗಿ ಸ್ಲೋ ಆಗುತ್ತದೆಯೇ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆ. ನಾಲ್ಕು ಎಕರೆ ದಾಳಿಂಬೆಗೆ ಹನಿ ನೀರಾವರಿ ಮಾಡಿದ್ದೇವೆ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವನು. ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆಗೆದು ಮುಚ್ಚಲು ಎಟಿಮೆಗಾ 328ಪಿ ಅನ್ನುವ ಪುಟ್ಟ ಪ್ರೊಸೆಸರ್ ಚಿಪ್ ಹಾಕಿ ಎರಡು ಪೆಟ್ಟಿಗೆ ಮಾಡಿದ್ದೇನೆ. ವಾಲ್ವ್‌ಗಳಿಗೆ ಬೇರೆ 12 ವೋಲ್ಟ್ ಬ್ಯಾಟರಿ ಇದೆ. ಚಿಪ್ ಮತ್ತು ಮೆಸೇಜ್ ಕಳಿಸುವ ಜಿಎಸ್‌ಎಂ ಮಾಡ್ಯೂಲ್ ಎರಡೂ ಒಂದೇ 18650 ಲಿಥಿಯಂ ಸೆಲ್‌ನಿಂದ ನಡೆಯುತ್ತವೆ. ಸೆಲ್ ಇಳಿದಾಗ ಮನೆಗೆ ತಂದು ಚಾರ್ಜ್ ಮಾಡುತ್ತೇನೆ.

ಮೊದಲನೇ ಪೆಟ್ಟಿಗೆಯಲ್ಲಿ ಚಿಪ್‌ನ ಒಳಗಿನ 8 ಮೆಗಾಹರ್ಟ್ಸ್ ಕ್ಲಾಕನ್ನೇ ಬಳಸಿದ್ದೇನೆ. ತೋಟದಲ್ಲಿ ಅದು ದಿನಕ್ಕೆ ಹತ್ತು ಹನ್ನೆರಡು ನಿಮಿಷ ಮುಂದೆ ಓಡುತ್ತದೆ. ಮಾಡ್ಯೂಲ್ ಜೊತೆ 57600 ಬಾಡ್‌ನಲ್ಲಿ, ಅಂದರೆ ಸೆಕೆಂಡಿಗೆ ಅಷ್ಟು ಬಿಟ್ ವೇಗದಲ್ಲಿ, ಮಾತಾಡಿಸುತ್ತೇನೆ. ಬೆಳಗ್ಗೆ ಸರಿ ಇರುತ್ತದೆ, ಮಧ್ಯಾಹ್ನ ಎರಡರ ಹೊತ್ತಿಗೆ ಬರೀ ಕಸದ ಅಕ್ಷರ. ಅದಕ್ಕೇ ಎರಡನೇ ಪೆಟ್ಟಿಗೆಗೆ 16 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕಿದೆ. ಟೈಮ್ ಸರಿಹೋಯಿತು. ಆದರೆ ಸೆಲ್ ಅರ್ಧ ಇಳಿದ ಮೇಲೆ ಮೆಸೇಜ್ ಕಳಿಸುವಾಗ ಹ್ಯಾಂಗ್ ಆಗುತ್ತದೆ, ಬಿಸಿಲಲ್ಲಿ ಇನ್ನೂ ಜಾಸ್ತಿ. ಎರಡು ಸಲ ವಾಲ್ವ್ ಟೈಮಿನ ಪಟ್ಟಿಯೇ ಅಳಿಸಿಹೋಗಿತ್ತು. ಒಂದು ದಿನ ರಾತ್ರಿಯೆಲ್ಲ ವಾಲ್ವ್ ತೆರೆದೇ ಇತ್ತು. ಮನೆಯಲ್ಲಿ ಮೇಜಿನ ಮೇಲೆ ಎರಡು ತಿಂಗಳು ಓಡಿಸಿ ನೋಡಿದ್ದೆ. ಮೊದಲನೆಯದರ ಟೈಮ್ ಒಂದೆರಡು ನಿಮಿಷ ಹೆಚ್ಚುಕಡಿಮೆ ಆಗಿದ್ದು ಬಿಟ್ಟರೆ ಏನೂ ತೊಂದರೆ ಇರಲಿಲ್ಲ.

ಅಂಗಡಿಯವರು ‘ಬಿಸಿಗೆ ಪ್ರೊಸೆಸರ್ ಸ್ಲೋ ಆಗುತ್ತೆ, ಹೀಟ್ ಸಿಂಕ್ ಹಾಕಿ’ ಅಂದರು. ಗೆಳೆಯ ‘ವೋಲ್ಟೇಜ್ ಏರಿಸು, ಸ್ಪೀಡ್ ತಾನಾಗಿ ಬರುತ್ತೆ’ ಅಂದ. ಇನ್ನೊಬ್ಬರು ‘ಚಿಪ್ ಡೂಪ್ಲಿಕೇಟ್’ ಅಂದರು. ನನ್ನ ಲ್ಯಾಪ್‌ಟಾಪ್ ಕೂಡ ಮಧ್ಯಾಹ್ನ ನಿಧಾನ ಆಗುತ್ತದೆ. ಎಲ್ಲಾ ಒಂದೇ ಕಾಯಿಲೆಯಾ? ಏನು ಮಾಡಲಿ?

ಉತ್ತರ: ಒಂದು ರಾತ್ರಿ ವಾಲ್ವ್ ತೆರೆದಿದ್ದರೆ ನೀರು ಪೋಲಾಗುವುದಷ್ಟೇ ಅಲ್ಲ, ಕಾಯಿ ಕಟ್ಟಿದ ದಾಳಿಂಬೆಗೆ ನೀರು ಏರುಪೇರಾದರೆ ಹಣ್ಣು ಬಿರಿಯುತ್ತದೆ. ಹಾಗಾಗಿ ನಿಮ್ಮ ಗಾಬರಿ ನನಗೆ ಅರ್ಥವಾಗುತ್ತದೆ. ಮೊದಲೇ ಹೇಳಿಬಿಡುತ್ತೇನೆ: ಚಿಪ್ ಡೂಪ್ಲಿಕೇಟ್ ಅನ್ನಲು ನೀವು ಬರೆದದ್ದರಲ್ಲಿ ಒಂದು ಕಾರಣವೂ ಕಾಣುವುದಿಲ್ಲ. ಅಪ್ಪಟ ಅಸಲಿ ಚಿಪ್ ಹಾಕಿದ್ದರೂ ಇದೇ ಆಗುತ್ತಿತ್ತು. ನಿಮ್ಮ ಎರಡು ಪೆಟ್ಟಿಗೆಗಳಿಗೆ ಎರಡು ಬೇರೆ ಬೇರೆ ಕಾಯಿಲೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಗೊಂದಲ ಶುರುವಾಗುವುದು ‘ಸ್ಪೀಡ್’ ಅನ್ನುವ ಮಾತಿನಿಂದಲೇ. ಆ ಒಂದು ಮಾತಿನಲ್ಲಿ ನಾವು ಎರಡು ಸಂಗತಿಗಳನ್ನು ಕಲಸಿಬಿಡುತ್ತೇವೆ. ಕ್ಲಾಕ್ ಎಷ್ಟು ಬೇಗ ಬಡಿಯುತ್ತಿದೆ ಅನ್ನುವುದು ಒಂದು. ಒಂದು ಬಡಿತದಿಂದ ಮುಂದಿನ ಬಡಿತದೊಳಗೆ ಒಳಗಿನ ಸರ್ಕ್ಯೂಟ್ ತನ್ನ ಕೆಲಸ ಮುಗಿಸುತ್ತದೆಯೇ ಅನ್ನುವುದು ಇನ್ನೊಂದು. ಮನೆಗೆ ಮೋಲ್ಡ್ ಹಾಕುವಾಗ ನೋಡಿದ್ದೀರಲ್ಲ, ಸಾಲಾಗಿ ನಿಂತವರು ಕಾಂಕ್ರೀಟಿನ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಮೇಸ್ತ್ರಿ ಸೀಟಿ ಊದಿದಾಗಲೆಲ್ಲ ಒಂದು ಬಾಂಡ್ಲಿ ಮೇಲೆ ತಲುಪಿರಬೇಕು ಅಂತ ಇಟ್ಟುಕೊಳ್ಳಿ. ಸೀಟಿಯ ಲಯ ಒಂದು, ಸಾಲಿನ ವೇಗ ಇನ್ನೊಂದು. ಸಾಲಿನವರು ದಣಿದರು ಅಂತ ಸೀಟಿ ತಾನಾಗಿ ನಿಧಾನ ಆಗುವುದಿಲ್ಲ. ನಿಮ್ಮ ಮೊದಲನೇ ಪೆಟ್ಟಿಗೆಯಲ್ಲಿ ಸೀಟಿಯ ಲಯವೇ ತಪ್ಪಿದೆ. ಎರಡನೆಯದರಲ್ಲಿ ಸೀಟಿ ಕರಾರುವಾಕ್ಕಾಗಿದೆ, ಸಾಲು ಹಿಂದೆ ಬಿದ್ದಿದೆ.

ಮೊದಲನೇ ಪೆಟ್ಟಿಗೆಯಿಂದ ಶುರು ಮಾಡೋಣ, ಅದು ಸುಲಭ. ಚಿಪ್‌ನ ಒಳಗಿನ ಕ್ಲಾಕ್ ಒಂದು ಆರ್‌ಸಿ ಆಸಿಲೇಟರ್. ಸಣ್ಣ ಕೆಪಾಸಿಟರ್ ತುಂಬುವುದು, ಖಾಲಿಯಾಗುವುದು, ಮತ್ತೆ ತುಂಬುವುದು. ಅದರ ಲಯ ರೆಸಿಸ್ಟೆನ್ಸ್ ಮೇಲೆ, ಟ್ರಾನ್ಸಿಸ್ಟರುಗಳ ಮೇಲೆ ನಿಂತಿದೆ. ಇವೆಲ್ಲವೂ ಬಿಸಿಗೆ ಬದಲಾಗುತ್ತವೆ, ವೋಲ್ಟೇಜ್‌ಗೂ ಸ್ವಲ್ಪ ಬದಲಾಗುತ್ತವೆ. ಈ ಚಿಪ್‌ನ ಡೇಟಾಶೀಟ್, ಅಂದರೆ ತಯಾರಕರು ಕೊಡುವ ವಿವರಪಟ್ಟಿ, ಇದನ್ನು ಮುಚ್ಚಿಟ್ಟಿಲ್ಲ. ಕಾರ್ಖಾನೆಯಲ್ಲಿ 3 ವೋಲ್ಟ್, 25 ಡಿಗ್ರಿಯಲ್ಲಿ ಸರಿಹೊಂದಿಸಿರುತ್ತಾರೆ, ಆದರೂ ಆಚೆ ಈಚೆ 10% ವ್ಯತ್ಯಾಸ ಇರಬಹುದು ಅಂತ ಬರೆದಿದೆ. ನಾವೇ ಕೂತು ಸರಿಹೊಂದಿಸಿದರೆ 1%ಗೆ ತರಬಹುದು. ಒಂದು ದಿನಕ್ಕೆ 1440 ನಿಮಿಷ. ಅದರ 1% ಅಂದರೆ 14 ನಿಮಿಷದ ಮೇಲಾಯಿತು. ನಿಮ್ಮ ಹನ್ನೆರಡು ನಿಮಿಷ ಸುಮಾರು 0.8%. ಅಂದರೆ ನಿಮ್ಮ ಚಿಪ್ ಡೇಟಾಶೀಟ್ ಹೇಳಿದ ಎಲ್ಲೆಯೊಳಗೇ ನಡೆಯುತ್ತಿದೆ.

ಇಲ್ಲಿ ಅಂಗಡಿಯವರ ಮಾತು ತಲೆಕೆಳಗಾಗಿದೆ ನೋಡಿ. ಬಿಸಿಗೆ ನಿಮ್ಮ ಕ್ಲಾಕ್ ಸ್ಲೋ ಆಗಿಲ್ಲ, ಫಾಸ್ಟ್ ಆಗಿದೆ. ಯಾವ ಕಡೆಗೆ ಓಡುತ್ತದೆ ಅನ್ನುವುದು ಆಸಿಲೇಟರನ್ನು ಹೇಗೆ ಕಟ್ಟಿದ್ದಾರೆ ಅನ್ನುವುದಕ್ಕೆ ಬಿಟ್ಟದ್ದು. ‘ಬಿಸಿ ಅಂದರೆ ನಿಧಾನ’ ಅನ್ನುವ ಒಂದೇ ಸೂತ್ರ ಇಲ್ಲ.

ಮಧ್ಯಾಹ್ನದ ಕಸದ ಅಕ್ಷರಗಳಿಗೂ ಇದೇ ಕಾರಣ. ಸೀರಿಯಲ್ ಸಂಪರ್ಕದಲ್ಲಿ ಇಬ್ಬರಿಗೂ ಒಂದೇ ಕ್ಲಾಕ್ ಇರುವುದಿಲ್ಲ. ಕಳಿಸುವವರು ತಮ್ಮ ಗಡಿಯಾರದಲ್ಲಿ ಎಣಿಸುತ್ತಾರೆ, ಕೇಳುವವರು ತಮ್ಮದರಲ್ಲಿ. ಒಂದು ಅಕ್ಷರಕ್ಕೆ ಹತ್ತು ಬಿಟ್. ಪ್ರತಿ ಬಿಟ್‌ನ ನಡುಮಧ್ಯೆ ನೋಡಿ ಓದಿಕೊಳ್ಳುತ್ತಾರೆ. ಇಬ್ಬರ ಗಡಿಯಾರದ ಅಂತರ 5% ಆದರೆ ಹತ್ತನೇ ಬಿಟ್ ಹೊತ್ತಿಗೆ ಅರ್ಧ ಬಿಟ್ ಜರುಗಿರುತ್ತದೆ. ಅಲ್ಲಿಗೆ ಓದು ತಪ್ಪಿತು. ನಮ್ಮ ಕೈಯಲ್ಲಿ 2%ಗಿಂತ ಜಾಸ್ತಿ ವ್ಯತ್ಯಾಸ ಇಟ್ಟುಕೊಳ್ಳದಿರುವುದು ಒಳ್ಳೆಯದು. ಈಗ ನೀವು ಆರಿಸಿದ 57600 ನೋಡಿ. 8 ಮೆಗಾಹರ್ಟ್ಸ್ ಅನ್ನು ಪೂರ್ಣ ಸಂಖ್ಯೆಯಿಂದ ಭಾಗಿಸಿ ಸರಿಯಾಗಿ 57600 ಬರಿಸಲು ಆಗುವುದಿಲ್ಲ. ಹತ್ತಿರದ್ದು 58823. ಅಂದರೆ ಕ್ಲಾಕ್ ಕರಾರುವಾಕ್ಕಾಗಿದ್ದರೂ ನೀವು ಆಗಲೇ 2.1% ಮುಂದೆ ಇದ್ದೀರಿ. ಮನೆಯ ಮೇಜಿನ ಮೇಲೆ ಅದು ಹೇಗೋ ನಡೆಯಿತು. ಮಧ್ಯಾಹ್ನದ ಬಿಸಿ ಇನ್ನೊಂದೆರಡು ಶೇಕಡ ಸೇರಿಸಿತು. ಮಾತು ಕೆಟ್ಟಿತು. 9600 ಬಾಡ್‌ಗೆ ಇಳಿದರೆ ಈ ಮೂಲ ವ್ಯತ್ಯಾಸ ಬರೀ 0.2%. ಒಂದು ಮೆಸೇಜ್ ಕಳಿಸಲು ನಿಮಗೆ 57600 ಬೇಕಾಗಿಯೂ ಇಲ್ಲ, ಅಲ್ವಾ?

ಈಗ ಎರಡನೇ ಪೆಟ್ಟಿಗೆ. ನನ್ನ ವೃತ್ತಿಯ ಬಹುಪಾಲು ಕಳೆದದ್ದು ಈ ಪ್ರಶ್ನೆಯಲ್ಲೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಚಿಪ್‌ನಲ್ಲಿ ಒಂದು ಗೇಟ್, ಅಂದರೆ ಕೆಲವು ಟ್ರಾನ್ಸಿಸ್ಟರು ಸೇರಿದ ಸಣ್ಣ ಸ್ವಿಚ್ಚು, ಕೆಲಸ ಮಾಡುವುದು ಅಂದರೆ, ಅದು ಮುಂದಿನ ಗೇಟ್‌ನ ಪುಟ್ಟ ಕೆಪಾಸಿಟರನ್ನು ತುಂಬಿಸುವುದು ಇಲ್ಲ ಖಾಲಿ ಮಾಡುವುದು. ನಲ್ಲಿಯ ಕೆಳಗೆ ಕೊಡ ಇಟ್ಟ ಹಾಗೆ. ಕೊಡ ಅರ್ಧ ತುಂಬಿದಾಗ ಮುಂದಿನವರು ‘ಬಂತು’ ಅಂದುಕೊಂಡು ತಮ್ಮ ನಲ್ಲಿ ತಿರುಗಿಸುತ್ತಾರೆ. ಮೇಲಿನ ಟ್ಯಾಂಕ್ ಎತ್ತರದಲ್ಲಿದ್ದರೆ ನೀರು ರಭಸವಾಗಿ ಬರುತ್ತದೆ, ಕೊಡ ಬೇಗ ತುಂಬುತ್ತದೆ. ಆ ಎತ್ತರವೇ ವೋಲ್ಟೇಜ್. ಟ್ಯಾಂಕ್ ತಗ್ಗಿದರೆ ತುಂಬುವ ಕೊಡ ಕೂಡ ಅಷ್ಟೇ ಚಿಕ್ಕದಾಗುತ್ತದೆ ನಿಜ, ಆದರೆ ನೀರಿನ ರಭಸ ಅದಕ್ಕಿಂತ ಬೇಗ ಬೀಳುತ್ತದೆ. ಏಕೆಂದರೆ ಟ್ರಾನ್ಸಿಸ್ಟರ್ ಬಾಯಿ ಬಿಡಲು ಒಂದು ಕನಿಷ್ಠ ವೋಲ್ಟೇಜ್ ಬೇಕು, ಅದಕ್ಕೆ ಥ್ರೆಶೋಲ್ಡ್ ಅನ್ನುತ್ತೇವೆ. ಹರಿವಿಗೆ ಸಿಗುವುದು ಅದರ ಮೇಲೆ ಉಳಿದ ವೋಲ್ಟೇಜ್ ಮಾತ್ರ. ಹಾಗಾಗಿ ವೋಲ್ಟೇಜ್ ಅರ್ಧಕ್ಕೆ ಇಳಿದರೆ ಹರಿವು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ.

ನಿಮ್ಮ ಚಿಪ್‌ನಲ್ಲೇ ಇದನ್ನು ನೋಡಬಹುದು. ಡೇಟಾಶೀಟ್‌ನ ಮಾತು ಹೀಗಿದೆ: 4.5 ವೋಲ್ಟ್ ಮತ್ತು ಮೇಲೆ 20 ಮೆಗಾಹರ್ಟ್ಸ್, 2.7 ವೋಲ್ಟ್‌ಗೆ 10, 1.8 ವೋಲ್ಟ್‌ಗೆ ಬರೀ 4. ಒಂದು ಬಡಿತಕ್ಕೆ ಸಿಗುವ ಹೊತ್ತಿನ ಲೆಕ್ಕದಲ್ಲಿ ಹೇಳಿದರೆ 50 ನ್ಯಾನೊಸೆಕೆಂಡ್, 100 ನ್ಯಾನೊಸೆಕೆಂಡ್, 250 ನ್ಯಾನೊಸೆಕೆಂಡ್. ವೋಲ್ಟೇಜ್ ಎರಡೂವರೆ ಪಟ್ಟು ಇಳಿದರೆ ಬೇಕಾಗುವ ಹೊತ್ತು ಐದು ಪಟ್ಟು ಏರಿತು. ಈ ಮೂರು ಬಿಂದುಗಳ ನಡುವೆ ಗೆರೆ ಎಳೆದುಕೊಳ್ಳಬಹುದು ಅಂತಲೂ ಡೇಟಾಶೀಟ್ ಹೇಳುತ್ತದೆ. ಎಳೆದು ನೋಡಿ. 16 ಮೆಗಾಹರ್ಟ್ಸ್‌ಗೆ ಕನಿಷ್ಠ 3.78 ವೋಲ್ಟ್ ಬೇಕು.

ನಿಮ್ಮ ಲಿಥಿಯಂ ಸೆಲ್ ತುಂಬಿದಾಗ 4.2 ವೋಲ್ಟ್. ಅದರ ಮೈಮೇಲೆ ಬರೆದಿರುವುದೇ 3.7. ಅಂದರೆ ಅರ್ಧ ಇಳಿಯುವ ಹೊತ್ತಿಗೆ ನೀವು ಎಲ್ಲೆ ದಾಟುವ ಅಂಚಿಗೆ ಬಂದಿರುತ್ತೀರಿ. ಅದರ ಮೇಲೆ ಜಿಎಸ್‌ಎಂ ಮಾಡ್ಯೂಲ್. ಅದು ನಿರಂತರವಾಗಿ ಕರೆಂಟ್ ಎಳೆಯುವುದಿಲ್ಲ, ಜರ್ಕ್ ಜರ್ಕ್ ಆಗಿ ಎಳೆಯುತ್ತದೆ. ಪ್ರತಿ 4.6 ಮಿಲಿಸೆಕೆಂಡಿಗೊಮ್ಮೆ, ಸುಮಾರು 577 ಮೈಕ್ರೊಸೆಕೆಂಡ್ ಕಾಲ, 2 ಆಂಪಿಯರ್‌ವರೆಗೂ ಹೋಗಬಹುದು. ಸೆಲ್‌ನ ಒಳಗಿನ ರೆಸಿಸ್ಟೆನ್ಸ್, ಹೋಲ್ಡರಿನ ಸ್ಪ್ರಿಂಗು, ತೆಳ್ಳನೆಯ ವೈರು ಎಲ್ಲ ಸೇರಿ 0.15 ಓಮ್ ಅಂತ ಹಿಡಿಯಿರಿ. 0.3 ವೋಲ್ಟ್ ಹೋಯಿತು. ನಿಮ್ಮ ಮಲ್ಟಿಮೀಟರ್ 3.9 ಅಂತ ತೋರಿಸುತ್ತಿರುತ್ತದೆ. ಆ ಕ್ಷಣದಲ್ಲಿ ಚಿಪ್‌ಗೆ ಸಿಗುವುದು 3.6. ಮೀಟರ್ ಸರಾಸರಿ ತೋರಿಸುತ್ತದೆ, ಈ ಕ್ಷಣದ ಕುಸಿತ ಅದರ ಕಣ್ಣಿಗೆ ಬೀಳುವುದೇ ಇಲ್ಲ. 577 ಮೈಕ್ರೊಸೆಕೆಂಡ್ ಅಂದರೆ ಏನೂ ಅಲ್ಲ ಅನಿಸಬಹುದು. 16 ಮೆಗಾಹರ್ಟ್ಸ್ ಚಿಪ್‌ಗೆ ಅದು ಒಂಬತ್ತು ಸಾವಿರಕ್ಕೂ ಜಾಸ್ತಿ ಬಡಿತ. ಅದರಲ್ಲಿ ಒಂದು ತಪ್ಪಿದರೆ ಸಾಕು.

ತಪ್ಪುವುದು ಹೇಗೆ ಅಂತ ಹತ್ತಿರದಿಂದ ನೋಡೋಣ. ಕೂಡುವ ಲೆಕ್ಕ ತೆಗೆದುಕೊಳ್ಳಿ. 999ಕ್ಕೆ ಒಂದು ಸೇರಿಸುವಾಗ ದಶಕ ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟುತ್ತಾ ಹೋಗುತ್ತದಲ್ಲ, ಚಿಪ್ ಒಳಗೂ ಹಾಗೆಯೇ. 127 ಅಂದರೆ ಬೈನರಿಯಲ್ಲಿ 01111111. ಅದಕ್ಕೆ 1 ಕೂಡಿದರೆ ದಶಕ ಕೆಳಗಿನಿಂದ ಏಳು ಮನೆ ದಾಟಿ ಮೇಲಿನ ಮನೆಗೆ ತಲುಪಬೇಕು, 10000000 ಆಗಬೇಕು. ವೋಲ್ಟೇಜ್ ತಗ್ಗಿ ಗೇಟ್‌ಗಳು ನಿಧಾನವಾಗಿವೆ ಅಂದುಕೊಳ್ಳಿ. ದಶಕ ಏಳನೇ ಮನೆಯವರೆಗೂ ಬಂತು. ಕೆಳಗಿನ ಏಳೂ ಸೊನ್ನೆಯಾದವು. ಮೇಲಿನ ಮನೆಗೆ ಮುಟ್ಟುವ ಮೊದಲೇ ಸೀಟಿ ಊದಿತು. ಉತ್ತರ 128 ಬದಲು 0 ಅಂತ ಬರೆದುಕೊಂಡಿತು. ಹೊಗೆ ಬರಲಿಲ್ಲ, ಸದ್ದಾಗಲಿಲ್ಲ, ಚಿಪ್ ಸುಡಲಿಲ್ಲ. ಅದೇ ಹೊತ್ತಿನಲ್ಲಿ 2ಕ್ಕೆ 1 ಕೂಡಿದ್ದರೆ ಉತ್ತರ ಸರಿಯಾಗಿಯೇ ಬರುತ್ತಿತ್ತು, ಏಕೆಂದರೆ ಅಲ್ಲಿ ದಶಕ ದಾಟಬೇಕಾಗಿಯೇ ಇಲ್ಲ. ಇಂಥ ತೊಂದರೆ ಒಮ್ಮೆ ಬಂದು ಹತ್ತು ಸಲ ಬಾರದೆ ಕಾಡುವುದು ಇದಕ್ಕೇ. ಉದ್ದದ ದಾರಿ ಬಳಸುವ ಲೆಕ್ಕ ಬಂದಾಗ ಮಾತ್ರ ಕೈಕೊಡುತ್ತದೆ.

ಆ ತಪ್ಪು ಮುಂದಿನ ಆದೇಶದ ವಿಳಾಸದಲ್ಲೇ ಆದರೆ ಪ್ರೋಗ್ರಾಂ ಎಲ್ಲಿಗೋ ಜಿಗಿಯುತ್ತದೆ. ಅದೇ ನಿಮ್ಮ ಹ್ಯಾಂಗ್. ಜಿಗಿದ ಜಾಗದಲ್ಲಿ ಈಪ್ರಾಮ್‌ಗೆ (ಕರೆಂಟ್ ಹೋದರೂ ಅಳಿಯದ ಮೆಮೊರಿಗೆ) ಬರೆಯುವ ಕೋಡ್ ಇದ್ದರೆ ಟೈಮಿನ ಪಟ್ಟಿ ಹಾಳಾಗುತ್ತದೆ. ವಾಲ್ವ್ ತೆರೆದ ಮೇಲೆ ದಾರಿ ತಪ್ಪಿದರೆ ಮುಚ್ಚುವವರೇ ಇಲ್ಲ. ನಿಮಗೆ ಆದ ಮೂರು ತೊಂದರೆಗೂ ಬೇರು ಒಂದೇ.

ಮೇಜಿನ ಮೇಲೆ ಯಾಕೆ ನಡೆಯಿತು? ಅಲ್ಲಿ ಸೆಲ್ ತುಂಬಿತ್ತು, ಕೋಣೆ ತಂಪಾಗಿತ್ತು, ಟವರ್ ಹತ್ತಿರ ಇದ್ದರೆ ಮಾಡ್ಯೂಲ್ ಕೂಡ ಕಡಿಮೆ ಶಕ್ತಿಯಲ್ಲಿ ಕಳಿಸುತ್ತಿರುತ್ತದೆ. ಇನ್ನೊಂದು ಮುಖ್ಯ ಕಾರಣ ಇದೆ. ಡೇಟಾಶೀಟ್‌ನ ಅಂಕಿ ಇರುವುದು ಒಳ್ಳೆಯ ಚಿಪ್‌ಗೆ ಅಲ್ಲ. ಕಾರ್ಖಾನೆಯಿಂದ ಬಂದ ಅತಿ ನಿಧಾನದ ಚಿಪ್ಪೂ ಅತಿ ಕೆಟ್ಟ ಬಿಸಿಯಲ್ಲೂ ನಡೆಯಬೇಕು ಅನ್ನುವ ಲೆಕ್ಕದ್ದು. ಒಂದೇ ವೇಫರಿನಿಂದ, ಅಂದರೆ ಸಿಲಿಕಾನ್ ಬಿಲ್ಲೆಯಿಂದ, ಕತ್ತರಿಸಿದ ಎರಡು ಚಿಪ್ ಕೂಡ ಒಂದೇ ವೇಗ ಇರುವುದಿಲ್ಲ. ಹಾಗಾಗಿ 3.5 ವೋಲ್ಟ್‌ನಲ್ಲಿ 16 ಮೆಗಾಹರ್ಟ್ಸ್ ಓಡಿಸಿದರೆ ಹೆಚ್ಚಿನ ಚಿಪ್ ಓಡುತ್ತವೆ. ಓಡಿತು ಅಂತ ನಾವು ಮರೆತುಬಿಡುತ್ತೇವೆ. ಅದು ಸಾಲದ ಹಣದಲ್ಲಿ ಜೀವನ ಮಾಡಿದ ಹಾಗೆ. ಬಿಸಿಲು, ಇಳಿದ ಸೆಲ್, ಮೆಸೇಜ್ ಮೂರೂ ಕೂಡಿದ ದಿನ ಸಾಲ ಕೊಟ್ಟವನು ಬಾಗಿಲಿಗೆ ಬರುತ್ತಾನೆ.

ಬಿಸಿಲಿನ ಪಾತ್ರ ಏನು? ಸಿಲಿಕಾನ್ ಬಿಸಿಯಾದರೆ ಅದರ ಪರಮಾಣುಗಳು ಜಾಸ್ತಿ ನಡುಗುತ್ತವೆ. ಎಲೆಕ್ಟ್ರಾನ್‌ಗಳಿಗೆ ಜಾತ್ರೆಯ ಗದ್ದಲದಲ್ಲಿ ನುಗ್ಗಿ ನಡೆದ ಹಾಗೆ, ಡಿಕ್ಕಿ ಜಾಸ್ತಿ, ನಡಿಗೆ ನಿಧಾನ. ಚಿಪ್ ಒಳಗಿನ ಲೋಹದ ತಂತಿಯ ರೆಸಿಸ್ಟೆನ್ಸ್ ಕೂಡ ಡಿಗ್ರಿಗೆ ಸುಮಾರು 0.4% ಏರುತ್ತದೆ. ಇವೆರಡೂ ನಿಧಾನ ಮಾಡುತ್ತವೆ. ಆದರೆ ಬಿಸಿಗೆ ಇನ್ನೊಂದು ಆಗುತ್ತದೆ: ಥ್ರೆಶೋಲ್ಡ್ ಇಳಿಯುತ್ತದೆ, ಡಿಗ್ರಿಗೆ ಒಂದೆರಡು ಮಿಲಿವೋಲ್ಟ್. ಅದು ವೇಗ ಹೆಚ್ಚಿಸುವ ಕಡೆಗೆ ಎಳೆಯುತ್ತದೆ. ಗೆಲ್ಲುವವರು ಯಾರು ಅನ್ನುವುದನ್ನು ವೋಲ್ಟೇಜ್ ತೀರ್ಮಾನಿಸುತ್ತದೆ. ವೋಲ್ಟೇಜ್ ಥ್ರೆಶೋಲ್ಡ್‌ಗಿಂತ ಬಹಳ ಮೇಲಿದ್ದರೆ ಒಂದೆರಡು ಮಿಲಿವೋಲ್ಟ್ ಲೆಕ್ಕಕ್ಕೆ ಬರುವುದಿಲ್ಲ. ಆಗ ಡಿಕ್ಕಿಯೇ ಗೆಲ್ಲುತ್ತದೆ, ಬಿಸಿಗೆ ಚಿಪ್ ನಿಧಾನವಾಗುತ್ತದೆ. ನಿಮ್ಮದು ಈ ಜಾತಿಯದು. ಈಗಿನ ಅತಿ ಸಣ್ಣ ಟ್ರಾನ್ಸಿಸ್ಟರಿನ ಚಿಪ್‌ಗಳು ಒಂದು ವೋಲ್ಟ್‌ಗೂ ಕಡಿಮೆಯಲ್ಲಿ ನಡೆಯುತ್ತವೆ. ಅಲ್ಲಿ ಲೆಕ್ಕ ತಿರುಗಿಬೀಳಬಹುದು. ತಣ್ಣಗಿದ್ದಾಗ ನಿಧಾನ, ಬಿಸಿಯಾದಾಗ ಚುರುಕು.

ಇದನ್ನು ನಾನು ಮೊದಲ ಸಲ ಕಣ್ಣಾರೆ ಕಂಡದ್ದು ಬೆಂಗಳೂರಿನ ಒಂದು ಲ್ಯಾಬಿನಲ್ಲಿ. ಹೊಸ ಚಿಪ್ ಕಡಿಮೆ ವೋಲ್ಟೇಜ್‌ನಲ್ಲಿ ತಪ್ಪುತ್ತಿತ್ತು. ನಾವೆಲ್ಲ ಅಭ್ಯಾಸಬಲದಿಂದ ತಣ್ಣಗೆ ಮಾಡುವ ಸ್ಪ್ರೇ ಹೊಡೆದೆವು. ಚಿಪ್ ಮೇಲೆ ಬಿಳಿ ಮಂಜು ಕಟ್ಟಿತು. ಪರದೆಯ ಮೇಲೆ ತಪ್ಪುಗಳ ಎಣಿಕೆ ಕಡಿಮೆಯಾಗುವ ಬದಲು ಸರಸರ ಏರಿತು. ಪಕ್ಕದವರು ಹೇರ್ ಡ್ರೈಯರ್ ಹಿಡಿದರು. ಮಂಜು ಕರಗಿ ನೀರಾಯಿತು, ಆರಿತು, ಎಣಿಕೆ ನಿಂತೇಹೋಯಿತು. ಆ ದಿನದಿಂದ ‘ಅತಿ ಬಿಸಿಯಲ್ಲಿ ಪಾಸಾದರೆ ಎಲ್ಲ ಕಡೆ ಪಾಸು’ ಅನ್ನುವುದನ್ನು ನಾನು ಬಿಟ್ಟೆ. ಈಗ ಚಿಪ್ ವಿನ್ಯಾಸ ಮಾಡುವವರು ಸೊನ್ನೆಗಿಂತ 40 ಡಿಗ್ರಿ ಕೆಳಗಿನಿಂದ 125 ಡಿಗ್ರಿವರೆಗೆ, ಕಡಿಮೆ ವೋಲ್ಟೇಜ್‌ನಿಂದ ಹೆಚ್ಚಿನದರವರೆಗೆ, ನಿಧಾನದ ಚಿಪ್‌ನಿಂದ ಚುರುಕಿನದರವರೆಗೆ ಎಲ್ಲ ಮೂಲೆಗಳಲ್ಲೂ ಟೈಮಿಂಗ್ ಲೆಕ್ಕ ಹಾಕಿಯೇ ಚಿಪ್ ಹೊರಗೆ ಬಿಡುವುದು.

ಹೀಟ್ ಸಿಂಕ್ ವಿಷಯ ಬೇಗ ಮುಗಿಸುತ್ತೇನೆ. ನಿಮ್ಮ ಚಿಪ್ ಎಳೆಯುವುದು ಕೆಲವೇ ಮಿಲಿಆಂಪಿಯರ್. ತಾನಾಗಿ ಬಿಸಿಯಾಗುವುದು ಒಂದೆರಡು ಡಿಗ್ರಿ ಅಷ್ಟೇ. ಅದು ಬಿಸಿಯಾಗಿರುವುದು ಪೆಟ್ಟಿಗೆಯೊಳಗಿನ ಗಾಳಿ ಬಿಸಿಯಾಗಿರುವುದರಿಂದ. ಹೀಟ್ ಸಿಂಕ್ ಅದೇ ಗಾಳಿಗಿಂತ ತಣ್ಣಗೆ ಮಾಡಲಾರದು. ಸುಮ್ನೆ ದುಡ್ಡು ದಂಡ.

ಗೆಳೆಯರು ಹೇಳಿದ ‘ವೋಲ್ಟೇಜ್ ಏರಿಸು’ ಮಾತಿನಲ್ಲಿ ಅರ್ಧ ನಿಜ ಇದೆ. ವೋಲ್ಟೇಜ್ ಏರಿಸಿದರೆ ಗೇಟ್‌ಗಳು ಚುರುಕಾಗುತ್ತವೆ, 16 ಮೆಗಾಹರ್ಟ್ಸ್‌ಗೆ ಉಸಿರು ಸಿಗುತ್ತದೆ. ಆದರೆ ಸ್ಪೀಡ್ ತಾನಾಗಿ ಬರುವುದಿಲ್ಲ. ಕ್ರಿಸ್ಟಲ್ 16 ಅಂದರೆ 16ರಲ್ಲೇ ಬಡಿಯುತ್ತದೆ. ಏರಿಸುವುದಕ್ಕೂ ಮಿತಿ ಇದೆ. ಈ ಚಿಪ್ ನಡೆಯಬೇಕಾದದ್ದು 5.5 ವೋಲ್ಟ್ ಒಳಗೆ, 6 ದಾಟಿದರೆ ಸಾಯಬಹುದು. ಚಿಪ್ ತಿನ್ನುವ ಶಕ್ತಿ ವೋಲ್ಟೇಜ್‌ನ ವರ್ಗದ ಲೆಕ್ಕದಲ್ಲಿ ಏರುತ್ತದೆ: 3.7ರಿಂದ 5ಕ್ಕೆ ಹೋದರೆ ಅದೇ ಕೆಲಸಕ್ಕೆ ಹೆಚ್ಚುಕಡಿಮೆ 1.8 ಪಟ್ಟು. ದೊಡ್ಡ ಪ್ರೊಸೆಸರುಗಳಲ್ಲಿ ಅತಿ ವೋಲ್ಟೇಜ್ ಟ್ರಾನ್ಸಿಸ್ಟರುಗಳನ್ನೇ ಸವೆಸುತ್ತದೆ. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು ಇದ್ದಕ್ಕಿದ್ದಂತೆ ಕ್ರ್ಯಾಶ್ ಆಗುತ್ತಿದ್ದುದು ನೆನಪಿರಬಹುದು. ಕೋರ್ ಒಳಗೆ ಕ್ಲಾಕ್ ಹಂಚುವ ಒಂದು ಸರ್ಕ್ಯೂಟ್ ಹೆಚ್ಚಿನ ವೋಲ್ಟೇಜ್ ಮತ್ತು ಬಿಸಿಗೆ ಬೇಗ ಸವೆಯುತ್ತಿದೆ, ಅದರಿಂದ ಚಿಪ್‌ಗೆ ಬೇಕಾಗುವ ಕನಿಷ್ಠ ವೋಲ್ಟೇಜ್ ಏರಿಹೋಗುತ್ತಿದೆ ಅಂತ ಕಂಪನಿಯೇ ಹೇಳಿತು. ಪ್ರೊಸೆಸರ್ ಒಳಗಿನ ಮೈಕ್ರೊಕೋಡ್ ಅನ್ನುವ ಸಾಫ್ಟ್‌ವೇರ್ ತಿದ್ದಿ ವೋಲ್ಟೇಜ್‌ಗೆ ಕಡಿವಾಣ ಹಾಕಿದರು. ಸವೆದ ಚಿಪ್ ಮಾತ್ರ ಅದರಿಂದ ಸರಿಹೋಗಲಿಲ್ಲ.

ನಿಮ್ಮ ಲ್ಯಾಪ್‌ಟಾಪ್ ಮಧ್ಯಾಹ್ನ ನಿಧಾನ ಆಗುವುದು ಬೇರೆಯೇ ಕಥೆ. ಅಲ್ಲೂ ಮೂಲ ಬಡಿತ ಕ್ರಿಸ್ಟಲ್‌ನದ್ದೇ, ಬಿಸಿಗೆ ಅದು ಹೆಸರಿಗಷ್ಟೇ ಬದಲಾಗುತ್ತದೆ. ಆ ಬಡಿತವನ್ನು ಒಳಗೆ ಎಷ್ಟೋ ಪಟ್ಟು ಹೆಚ್ಚಿಸಿ ಬಳಸುತ್ತಾರೆ. ಚಿಪ್‌ನ ಬಿಸಿ 100 ಡಿಗ್ರಿ ಆಸುಪಾಸಿನ ಮಿತಿಗೆ ಬಂದಾಗ ಪ್ರೊಸೆಸರ್ ತಾನೇ ಬೇಕೆಂದು ಆ ಪಟ್ಟನ್ನೂ ವೋಲ್ಟೇಜನ್ನೂ ಇಳಿಸುತ್ತದೆ. ತಪ್ಪು ಲೆಕ್ಕ ಮಾಡುವುದಕ್ಕಿಂತ ನಿಧಾನ ಮಾಡುವುದು ಮೇಲು ಅಂತ. ಫ್ಯಾನಿನ ಧೂಳು ತೆಗೆಸಿ, ಹಳೆಯದಾಗಿದ್ದರೆ ಬಿಸಿ ದಾಟಿಸುವ ಪೇಸ್ಟ್ ಬದಲಿಸಿ. ಹಾಸಿಗೆಯ ಮೇಲಿಟ್ಟು ಬಳಸಬೇಡಿ.

ನಿಮ್ಮ ಎರಡನೇ ಪೆಟ್ಟಿಗೆಗೆ ಹತ್ತಿರದ ನಂಟು ಫೋನಿನದು. 2017ರ ಡಿಸೆಂಬರ್‌ನಲ್ಲಿ ಆಪಲ್ ಒಂದು ವಿಷಯ ಒಪ್ಪಿಕೊಂಡಿತು. ಬ್ಯಾಟರಿ ಹಳೆಯದಾದ ಐಫೋನ್‌ಗಳಲ್ಲಿ ಪ್ರೊಸೆಸರ್ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿದು ಫೋನ್ ಆಫ್ ಆಗುತ್ತಿತ್ತು, ಅದನ್ನು ತಪ್ಪಿಸಲು ಸಾಫ್ಟ್‌ವೇರ್‌ನಿಂದ ವೇಗ ತಗ್ಗಿಸಿದ್ದೇವೆ ಅಂತ. ಗ್ರಾಹಕರಿಗೆ ಹೇಳದೆ ಮಾಡಿದ್ದು ತಪ್ಪು, ಜನ ಸಿಟ್ಟಾದದ್ದು ಸರಿ. ಆದರೆ ಎಂಜಿನಿಯರಿಂಗ್ ಲೆಕ್ಕ ಸರಿಯಾದದ್ದೇ. ಬ್ಯಾಟರಿ ಕೊಡಲಾಗದ ವೋಲ್ಟೇಜ್ ಬೇಡುವ ವೇಗದಲ್ಲಿ ಚಿಪ್ ಓಡಿಸಬಾರದು. ನೀವೂ ಈಗ ಅದನ್ನೇ ಮಾಡಬೇಕು.

ಎರಡನೇ ಪೆಟ್ಟಿಗೆಯನ್ನು 8 ಮೆಗಾಹರ್ಟ್ಸ್‌ಗೆ ಇಳಿಸಿ. ನಾನಾದರೆ ಮೊದಲು ಇದನ್ನೇ ಮಾಡುತ್ತೇನೆ. ಬೆಸುಗೆ ಬಿಚ್ಚಬೇಕಾಗಿಲ್ಲ. 16ರ ಕ್ರಿಸ್ಟಲ್ ಹಾಗೇ ಇರಲಿ. ಚಿಪ್ ಒಳಗೆ ಕ್ಲಾಕನ್ನು ಭಾಗಿಸುವ ಸಿಎಲ್‌ಕೆಪಿಆರ್ ಅನ್ನುವ ರಿಜಿಸ್ಟರ್ ಇದೆ, ಅದರಲ್ಲಿ ಎರಡರಿಂದ ಭಾಗಿಸಿ. ಎಂಟರಿಂದ ಭಾಗಿಸುವ ಫ್ಯೂಸ್ (ಇದು ಸುಡುವ ಫ್ಯೂಸಲ್ಲ, ಚಿಪ್ ಒಳಗೆ ಉಳಿಯುವ ಸೆಟ್ಟಿಂಗ್) ಕೂಡ ಹಾಕಿಡಿ. ಆಗ ಚಿಪ್ 2 ಮೆಗಾಹರ್ಟ್ಸ್‌ನಲ್ಲಿ ಎದ್ದು, ನಿಮ್ಮ ಕೋಡ್ ಬಂದ ಮೇಲೆ 8ಕ್ಕೆ ಏರುತ್ತದೆ, ಏಳುವ ಕ್ಷಣದಲ್ಲೂ ಎಲ್ಲೆ ದಾಟುವುದಿಲ್ಲ. ಅದೇ ಗೆರೆಯ ಲೆಕ್ಕದಲ್ಲಿ 8 ಮೆಗಾಹರ್ಟ್ಸ್‌ಗೆ 2.4 ವೋಲ್ಟ್ ಸಾಕು. ಸೆಲ್ ಎಷ್ಟೇ ಇಳಿದರೂ ನಿಮಗೆ ಧಾರಾಳ ಜಾಗ. ಒಂದು ಎಚ್ಚರ: ಕಂಪೈಲರ್‌ಗೆ ಕ್ಲಾಕ್ 8 ಅಂತ ಹೇಳುವುದನ್ನು ಮರೆತರೆ ಎಲ್ಲ ಟೈಮೂ ದುಪ್ಪಟ್ಟಾಗುತ್ತದೆ, ಅರ್ಧ ಗಂಟೆಯ ನೀರು ಒಂದು ಗಂಟೆ ಹರಿಯುತ್ತದೆ.

ಬೂಸ್ಟ್ ಕನ್ವರ್ಟರ್ ಹಾಕಿ 5 ವೋಲ್ಟ್ ಮಾಡಿಕೊಂಡು 16ರಲ್ಲೇ ಓಡಿಸುವುದು ಇನ್ನೊಂದು ದಾರಿ. ಅದೂ ನಡೆಯುತ್ತದೆ. ಆದರೆ ಕನ್ವರ್ಟರ್ ತಾನೂ ಸೆಲ್ ತಿನ್ನುತ್ತದೆ, ಮಾಡ್ಯೂಲ್‌ನ ಪಿನ್‌ಗಳು 5 ವೋಲ್ಟ್ ತಡೆಯುವುದಿಲ್ಲವಾದ್ದರಿಂದ ನಡುವೆ ಲೆವೆಲ್ ಇಳಿಸುವ ಸರ್ಕ್ಯೂಟ್ ಬೇಕು. ಕೆಡಬಹುದಾದ ಜಾಗ ಎರಡು ಹೆಚ್ಚಾದವು. ವಾಲ್ವ್ ತೆರೆದು ಮುಚ್ಚುವ ಕೆಲಸಕ್ಕೆ 16 ಮೆಗಾಹರ್ಟ್ಸ್ ಏತಕ್ಕೆ?

ಎರಡೂ ಪೆಟ್ಟಿಗೆಯಲ್ಲಿ ಬ್ರೌನ್‌ಔಟ್ ಫ್ಯೂಸನ್ನು 2.7 ವೋಲ್ಟ್‌ಗೆ ಹಾಕಿ. ವೋಲ್ಟೇಜ್ ಅದಕ್ಕಿಂತ ಕೆಳಗೆ ಹೋದರೆ ಚಿಪ್ ತಪ್ಪು ಲೆಕ್ಕ ಮಾಡುತ್ತಾ ಕೂರುವ ಬದಲು ರೀಸೆಟ್‌ನಲ್ಲಿ ನಿಂತುಬಿಡುತ್ತದೆ, ಈಪ್ರಾಮ್ ಉಳಿಯುತ್ತದೆ. ಇದನ್ನು 16 ಮೆಗಾಹರ್ಟ್ಸ್ ಇಟ್ಟುಕೊಂಡೇ ಹಾಕಿದರೆ ಉಪಯೋಗವಿಲ್ಲ. 3.78 ಬೇಕಾದ ಕಡೆ 2.7ರವರೆಗೂ ಅದು ಸುಮ್ಮನೆ ನೋಡುತ್ತಿರುತ್ತದೆ. ಪ್ರೋಗ್ರಾಂ ನಿಂತುಹೋದರೆ ಚಿಪ್ಪನ್ನು ರೀಸೆಟ್ ಮಾಡುವ ವಾಚ್‌ಡಾಗ್ ಟೈಮರ್ ಕೂಡ ಹಾಕಿ. ಅದು ಹ್ಯಾಂಗ್ ಆದಾಗ ಎಬ್ಬಿಸುತ್ತದೆ, ಹ್ಯಾಂಗ್ ಆಗುವುದನ್ನು ತಡೆಯುವುದಿಲ್ಲ. ಹಾಗಾಗಿ ಎಷ್ಟು ಸಲ ರೀಸೆಟ್ ಆಯಿತು ಅಂತ ಎಣಿಸಿ ಮೆಸೇಜಿನಲ್ಲಿ ಕಳಿಸುವಂತೆ ಮಾಡಿ. ರೀಸೆಟ್ ಆದ ಕೂಡಲೇ ಮೊದಲ ಕೆಲಸ ಎಲ್ಲ ವಾಲ್ವ್ ಮುಚ್ಚುವುದಾಗಿರಲಿ.

ವೋಲ್ಟೇಜ್ ಕುಸಿಯುವುದನ್ನು ಮೂಲದಲ್ಲೇ ಕಡಿಮೆ ಮಾಡಿ. ಮಾಡ್ಯೂಲ್‌ನ ಪಕ್ಕದಲ್ಲೇ 1000 ಮೈಕ್ರೊಫ್ಯಾರಡ್‌ನ ಕಡಿಮೆ ಇಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್) ಇರುವ ಕೆಪಾಸಿಟರ್ ಹಾಕಿ. ಸೆಲ್‌ನಿಂದ ಮಾಡ್ಯೂಲ್‌ಗೆ ದಪ್ಪ, ಗಿಡ್ಡ ವೈರ್ ಎಳೆಯಿರಿ. ಚಿಪ್‌ಗೆ ಸೆಲ್‌ನಿಂದಲೇ ಬೇರೆ ವೈರ್, ಅದರಲ್ಲಿ ಕರೆಂಟ್ ವಾಪಸ್ ಹರಿಯದಂತೆ ಒಂದು ಶಾಟ್ಕಿ ಡಯೋಡ್, ಚಿಪ್ ಪಕ್ಕ 100 ಮೈಕ್ರೊಫ್ಯಾರಡ್. ಮಾಡ್ಯೂಲ್ ಎಳೆಯುವ ಆ 577 ಮೈಕ್ರೊಸೆಕೆಂಡ್‌ನಲ್ಲಿ ಚಿಪ್ 5 ಮಿಲಿಆಂಪಿಯರ್ ತಿಂದರೂ ಇಳಿಯುವುದು 0.03 ವೋಲ್ಟ್ ಅಷ್ಟೇ. ಡಯೋಡ್‌ನಿಂದ ಸ್ವಲ್ಪ ವೋಲ್ಟೇಜ್ ಹೋಗುತ್ತದೆ. 8 ಮೆಗಾಹರ್ಟ್ಸ್‌ನಲ್ಲಿ ಅದನ್ನು ತಡೆದುಕೊಳ್ಳಬಹುದು, 16ರಲ್ಲಿ ಆಗುವುದಿಲ್ಲ.

ಮೊದಲನೇ ಪೆಟ್ಟಿಗೆಗೆ ಈ ದಿನವೇ 9600 ಬಾಡ್ ಹಾಕಿ, ಮಧ್ಯಾಹ್ನದ ಕಸ ಬಹುಶಃ ನಿಂತುಹೋಗುತ್ತದೆ. ಓಎಸ್‌ಸಿಕ್ಯಾಲ್ ರಿಜಿಸ್ಟರ್ ತಿರುಗಿಸಿ ಕ್ಲಾಕ್ ಸರಿಹೊಂದಿಸಬಹುದು, ಆದರೆ ಮಧ್ಯಾಹ್ನಕ್ಕೆ ಸರಿ ಮಾಡಿದರೆ ನಸುಕಿಗೆ ತಪ್ಪುತ್ತದೆ. ದಿನದ ಟೈಮ್ ಬೇಕಾದಲ್ಲಿ ಆ ಕ್ಲಾಕನ್ನು ನಂಬಬೇಡಿ. ಡಿಎಸ್3231 ಅನ್ನುವ ಆರ್‌ಟಿಸಿ (ಗಡಿಯಾರದ) ಚಿಪ್ ಇರುವ ಸಣ್ಣ ಬೋರ್ಡ್ ತಂದು ಹಾಕಿ. ಮಾಮೂಲಿ ಗಡಿಯಾರದ ಕ್ರಿಸ್ಟಲ್ ಕೂಡ 25 ಡಿಗ್ರಿಯಿಂದ ಆಚೆ ಈಚೆ ಯಾವ ಕಡೆ ಹೋದರೂ ನಿಧಾನವಾಗುತ್ತದೆ. 45 ಡಿಗ್ರಿಯಲ್ಲಿ ದಿನಕ್ಕೆ ಒಂದು ಸೆಕೆಂಡಿಗಿಂತ ತುಸು ಜಾಸ್ತಿ, 60ರಲ್ಲಿ ಮೂರೂವರೆ ಸೆಕೆಂಡ್ ಆಸುಪಾಸು. ಡಿಎಸ್3231 ತನ್ನ ಬಿಸಿಯನ್ನು ತಾನೇ ಅಳೆದು ಅದನ್ನು ತಿದ್ದಿಕೊಳ್ಳುತ್ತದೆ, ವರ್ಷಕ್ಕೆ ಒಂದೆರಡು ನಿಮಿಷಕ್ಕಿಂತ ಜಾಸ್ತಿ ತಪ್ಪುವುದಿಲ್ಲ.

ಇಷ್ಟಾದ ಮೇಲೆ ತೋಟಕ್ಕೆ ಒಯ್ಯುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಬೇಕೆಂದೇ ಇಳಿದ ಸೆಲ್ ಹಾಕಿ, 3.4 ವೋಲ್ಟ್ ಆಸುಪಾಸಿನದು. ಅದಕ್ಕಿಂತ ಕೆಳಗಾದರೆ ಮಾಡ್ಯೂಲೇ ಏಳದಿರಬಹುದು. ಹೇರ್ ಡ್ರೈಯರ್ ಹಿಡಿದು ಬೋರ್ಡ್ ಬಿಸಿ ಮಾಡಿ, ಸೆಲ್ ಮೇಲೆ ಮಾತ್ರ ಹಿಡಿಯಬೇಡಿ. ಬಿಸಿ ಇರುವಾಗಲೇ ಇಪ್ಪತ್ತು ಮೆಸೇಜ್ ಕಳಿಸಿ ನೋಡಿ. ಆಮೇಲೆ ಅದೇ ಬೋರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರಿಜ್‌ನಲ್ಲಿಟ್ಟು ತೆಗೆದು ಇನ್ನೊಮ್ಮೆ ನೋಡಿ. ರೀಸೆಟ್ ಎಣಿಕೆ ಸೊನ್ನೆಯಲ್ಲೇ ಇರಬೇಕು.

ಕೊನೆಯದಾಗಿ ಸೆಲ್‌ನ ವಿಷಯ, ಇದು ಟೈಮಿಂಗ್‌ಗಿಂತ ದೊಡ್ಡದು. ಮುಚ್ಚಿದ ಪೆಟ್ಟಿಗೆ ನಿಮ್ಮ ಕಡೆಯ ಬೇಸಿಗೆಯಲ್ಲಿ ಬಿಸಿಲಿಗೆ ನಿಂತರೆ ಒಳಗೆ 60 ಡಿಗ್ರಿ ಮುಟ್ಟಬಹುದು. ಸಾಮಾನ್ಯ 18650 ಸೆಲ್ ಬಳಸಲು ಮೇಲಿನ ಮಿತಿಯೇ 60, ಚಾರ್ಜ್ ಮಾಡಲು 45. ತೋಟದಿಂದ ತಂದ ಬಿಸಿ ಸೆಲ್ಲನ್ನು ಆರಿದ ಮೇಲಷ್ಟೇ ಚಾರ್ಜಿಗೆ ಹಾಕಿ. ಪೆಟ್ಟಿಗೆಗೆ ಬಿಳಿ ಬಣ್ಣ ಬಳಿಯಿರಿ, ಕಂಬದ ಉತ್ತರದ ಬದಿಗೆ ಕಟ್ಟಿ, ಮೇಲೊಂದು ತಗಡಿನ ಚಪ್ಪರ ಹಾಕಿ ಪೆಟ್ಟಿಗೆಗೂ ತಗಡಿಗೂ ನಾಲ್ಕು ಬೆರಳು ಸಂದಿ ಬಿಡಿ, ಗಾಳಿ ಆಡಲಿ.